ಮಸೀದಿಯಲ್ಲಿ ನಿಕಾಹ್, ಮಹಲಿನಲ್ಲಿ ಊಟ

ಮದುವೆಯ ಆಮಂತ್ರಣ ಪತ್ರಿಕೆಯನ್ನು, ನಮ್ಮ ಮನೆಮಾತಿನ ರುಖ್ಖಾವನ್ನು, ನಾವು ಯಾರೂ ಪೂರ್ತಿ ಓದುವುದಿಲ್ಲ. ದಿನಾಂಕ, ಸ್ಥಳ ನೋಡಿ ಎತ್ತಿಡುತ್ತೇವೆ. ಕತೆ ಓದುವಷ್ಟು ನಿಧಾನವಾಗಿ ಓದಿದರೆ ಅದು ನಮ್ಮ ಸಮಾಜದ ಬಗ್ಗೆ ಬಹಳಷ್ಟು ಹೇಳುತ್ತದೆ. ಮೇಲೆ ಬಿಸ್ಮಿಲ್ಲಾ. ಅದರ ಕೆಳಗೆ ವರನ ಹೆಸರು, ಓದು, ಉದ್ಯೋಗ. ವಧುವಿನ ಜಾಗದಲ್ಲಿ, ಹಳೆಯ ಕ್ರಮದ ಉರ್ದು ಪತ್ರಿಕೆಯಾದರೆ, ‘ದುಖ್ತರೆ ನೇಕ್ ಅಖ್ತರ್’ ಎಂದಷ್ಟೇ ಇರುತ್ತದೆ. ಅಂದರೆ ಇಂಥವರ ಸೌಭಾಗ್ಯವತಿ ಮಗಳು. ಶಾದಿ ಮಹಲಿನ ಹೆಸರು ಮಾತ್ರ ದಪ್ಪ ಅಕ್ಷರಗಳಲ್ಲಿ. ಮದುವೆಯಾಗುವವಳಿಗೆ ಹೆಸರಿಲ್ಲ, ಮದುವೆ ನಡೆಯುವ ಕಟ್ಟಡಕ್ಕಿದೆ!

ಈಚಿನ ಪತ್ರಿಕೆಗಳಲ್ಲಿ ಸ್ಥಳಗಳು ಎರಡಾಗಿವೆ. ಅಸರ್ ನಮಾಜಿನ ಬಳಿಕ ಮಸೀದಿಯಲ್ಲಿ ನಿಕಾಹ್, ರಾತ್ರಿ ಮಹಲಿನಲ್ಲಿ ಊಟ. ಇದನ್ನು ನಾವು ಸುಧಾರಣೆ ಎಂದು ಕರೆದುಕೊಳ್ಳುತ್ತಿದ್ದೇವೆ. ಸುಧಾರಣೆಯಾದದ್ದು ಏನು?

ನಿಕಾಹ್‌ಗೆ ಬೇಕಾದದ್ದು ಇಜಾಬ್-ಖಬೂಲ್, ಸಾಕ್ಷಿಗಳು, ಮೆಹರ್. ಇಂಥ ಜಾಗವೇ ಆಗಬೇಕೆಂಬ ಷರತ್ತಿಲ್ಲ. ಮಸೀದಿಯಲ್ಲಿ ನಿಕಾಹ್ ನಡೆಸಿ ಎಂಬ ಹದೀಸ್ ತಿರ್ಮಿದಿಯ ಸಂಗ್ರಹದಲ್ಲಿದೆ. ಅದರ ಸನದ್ ದುರ್ಬಲವೆಂದು ಹಲವು ಹದೀಸ್ ತಜ್ಞರು ಹೇಳಿದ್ದಾರೆ. ಆದರೂ ಅದರ ಇಂಗಿತ ಸ್ಪಷ್ಟ: ಮದುವೆ ಗುಟ್ಟಾಗಿರಬಾರದು, ಬಡವನ ಕೈಗೆ ಎಟುಕುವಂತಿರಬೇಕು. ಮದೀನಾದಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್ ಮದುವೆಯಾದ ಸಂಗತಿ ಪ್ರವಾದಿ(ಸ)ರಿಗೆ ತಿಳಿದದ್ದು, ಅವರ ಮೈಮೇಲಿನ ಸುಗಂಧದ ಹಳದಿ ಗುರುತನ್ನು ನೋಡಿದ ಮೇಲೆ. ನನ್ನನ್ನೇಕೆ ಕರೆಯಲಿಲ್ಲ ಎಂದು ಅವರು ಮುನಿಸಿಕೊಳ್ಳಲಿಲ್ಲ. ದುಆ ಮಾಡಿ, ಒಂದು ಆಡಿನದಾದರೂ ವಲೀಮಾ ಮಾಡೆಂದರು. ಸಾವಿರ ಪತ್ರಿಕೆ ಹಂಚಿಯೂ ಯಾರು ಬಿಟ್ಟುಹೋದರೋ ಎಂದು ಹೆದರುವ ನಾವು ಅದೇ ಸುನ್ನತ್‌ನ ಹೆಸರು ಹೇಳುತ್ತೇವೆ.

ಗಮನಿಸಬೇಕಾದ ಮಾತೆಂದರೆ ವಲೀಮಾ ವರನ ಹೊಣೆ. ಮದುವೆಯ ದಿನದ ಮಹಲಿನ ಊಟ ಮಾತ್ರ ಹುಡುಗಿಯ ತಂದೆಯ ಹೆಗಲಿಗೆ ಬೀಳುತ್ತದೆ. ಜೋಡೆ ಕಿ ರಖಮ್ ಕೇಳುವುದು ನಾಚಿಕೆಗೇಡು ಎಂಬ ತಿಳಿವಳಿಕೆ ಬಂದಿರುವ ಮನೆಗಳಲ್ಲಿ ಈಗ ಬೇರೊಂದು ಮಾತು ಚಾಲ್ತಿಯಲ್ಲಿದೆ: “ನಮಗೇನೂ ಬೇಡ, ನಾಲ್ಕು ಜನ ಮೆಚ್ಚುವ ಹಾಗೆ ಮದುವೆ ಮಾಡಿಕೊಡಿ.” ಆ ನಾಲ್ಕು ಜನ ನಾನೂರಾಗುತ್ತಾರೆ; ಮೆಚ್ಚುಗೆ ಎಂಬುದು ಮಹಲಿನ ಬಾಡಿಗೆಯಾಗುತ್ತದೆ. ಯಾರೂ ಅದನ್ನು ವರದಕ್ಷಿಣೆಯ ಲೆಕ್ಕಕ್ಕೆ ಬರೆಯುವುದಿಲ್ಲ. ಮಸೀದಿಯ ಹದಿನೈದು ನಿಮಿಷದ ಸರಳತೆ ರಾತ್ರಿಯ ದುಂದಿಗೆ ಸಿಕ್ಕ ಪರವಾನಗಿಯಂತಾಗಿದೆ.

ಹಾಗೆಂದು ಮಹಲನ್ನೇ ಬೈಯುವುದು ನ್ಯಾಯವಲ್ಲ. ಎರಡು ಕೋಣೆಯ ಬಾಡಿಗೆ ಮನೆಯವರು ಎಲ್ಲಿ ಚಪ್ಪರ ಹಾಕಬೇಕು? ಮನೆಮುಂದೆ ಶಾಮಿಯಾನ ಹಾಕಿ ಮಾಡುತ್ತಿದ್ದ ಹಿಂದಿನ ಮದುವೆಗಳನ್ನು ನೆನೆದು ಗಂಡಸರು ನಿಟ್ಟುಸಿರು ಬಿಡುತ್ತಾರೆ. ಆದರೆ ಅದಕ್ಕಾಗಿ ವಾರಗಟ್ಟಲೆ ಅಕ್ಕಿ ಆರಿಸಿ, ಈರುಳ್ಳಿ ಹೆಚ್ಚಿ, ಕೊನೆಗೆ ಉಳಿದದ್ದನ್ನು ಉಂಡವರು ಹೆಂಗಸರು. ಮಹಲು ಅವರಿಗೆ ಕೂರಲು ಕುರ್ಚಿ ಕೊಟ್ಟಿತು, ನೀರು, ಶೌಚಾಲಯ ಕೊಟ್ಟಿತು. ಜಮಾಅತ್ ಅಥವಾ ವಕ್ಫ್‌ನ ಮಹಲಾದರೆ ಬಾಡಿಗೆಯಲ್ಲಿ ಒಂದು ಮದರಸವೋ ಶಾಲೆಯೋ ನಡೆಯಬಹುದು. ನಮ್ಮ ತಕರಾರು ಕಟ್ಟಡದ ಮೇಲಲ್ಲ. ಅದನ್ನು ಆರಿಸುವವರು ಯಾರು, ಹಣ ತೆರುವವರು ಯಾರು ಎಂಬುದರ ಮೇಲೆ.

ಇನ್ನೂ ಒಂದು ಪ್ರಶ್ನೆಯಿದೆ. ನಿಕಾಹ್ ನಡೆಯುವ ಹೊತ್ತಿಗೆ ವಧು ಎಲ್ಲಿದ್ದಾಳೆ? ನಮ್ಮ ಹನಫಿ ಮನೆಗಳಲ್ಲಿ ವಕೀಲರೂ ಇಬ್ಬರು ಗವಾಹರೂ ಅವಳ ಬಳಿಗೆ ಹೋಗಿ ಒಪ್ಪಿಗೆ ಪಡೆದು ಬರುತ್ತಾರೆ. ಮಹಲಿನಲ್ಲಾದರೆ ಅವಳು ಪರದೆಯ ಆಚೆ ಇರುತ್ತಾಳೆ. ಖುತ್ಬಾ ಅವಳ ಕಿವಿಗೆ ಬೀಳುತ್ತದೆ. ನಿಕಾಹ್ ಮಸೀದಿಗೆ ಹೋದಾಗ, ಹೆಂಗಸರಿಗೆ ಜಾಗವೇ ಇಲ್ಲದ ನಮ್ಮ ಎಷ್ಟೋ ಊರುಗಳಲ್ಲಿ, ಅವಳೂ ಅವಳ ತಾಯಿಯೂ ಮನೆಯಲ್ಲೇ ಉಳಿಯುತ್ತಾರೆ. ಮದುವೆ ಮುಗಿಯಿತೆಂಬ ಸುದ್ದಿ ಮೊಬೈಲಿನಲ್ಲಿ ಬರುತ್ತದೆ. ಒಪ್ಪಂದದ ಒಂದು ಪಕ್ಷದವಳಿಗೇ ಪ್ರವೇಶವಿಲ್ಲದ ಜಾಗವನ್ನು ಆರಿಸಿ, ಅದನ್ನು ಸರಳ ಮದುವೆ ಎನ್ನುವುದು ಎಷ್ಟು ಸರಿ?

ಕನ್ನಡದ ನೆಲದಲ್ಲಿ ಕುವೆಂಪು ಅವರ ಮಂತ್ರ ಮಾಂಗಲ್ಯ ನಮ್ಮೆದುರಿಗಿದೆ. 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಅವರು ಆ ರೀತಿಯಲ್ಲೇ ಮಾಡಿಸಿದರು. ಅಲ್ಲಿನ ತತ್ವಗಳು ಬೇರೆ, ನಮ್ಮವು ಬೇರೆ. ಆದರೆ ಅಲ್ಲಿ ವಧುವೂ ವರನೂ ಒಂದೇ ಜಾಗದಲ್ಲಿ ನಿಂತು, ಬಂದವರೆಲ್ಲರಿಗೂ ಕೇಳುವಂತೆ ಮಾತು ಕೊಡುತ್ತಾರೆ. ಆಡಂಬರ ಬಿಟ್ಟದ್ದಷ್ಟೇ ಅಲ್ಲ, ಹೆಣ್ಣಿನ ದನಿಗೂ ಜಾಗ ಮಾಡಿದ್ದು ಅದರ ಹೆಚ್ಚುಗಾರಿಕೆ.

ನಿಕಾಹ್‌ನಲ್ಲಿ ಹೆಣ್ಣಿನ ಒಪ್ಪಿಗೆಗೆ ಎಷ್ಟು ಬೆಲೆಯಿದೆ ಎಂಬುದನ್ನು ನಾವು ವೇದಿಕೆಗಳ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆಗೆ ತಕ್ಕ ಜಾಗ ಬೇಡವೆ? ಮಸೀದಿಯ ಒಂದು ಮಹಡಿಯನ್ನೋ ಪಕ್ಕದ ಮದರಸದ ಕೋಣೆಯನ್ನೋ ಹೆಂಗಸರಿಗೆ ತೆರೆದಿಡುವುದು ಜಮಾಅತ್‌ಗಳಿಗೆ ಅಸಾಧ್ಯದ ಕೆಲಸವಲ್ಲ. ಹೆಣ್ಣಿನ ಕಡೆಯ ಊಟವನ್ನು ಕೈಬಿಟ್ಟು, ಗಂಡಿನ ಕಡೆಯ ವಲೀಮಾ ಒಂದೇ ಸಾಕು ಎಂದು ಮೊಹಲ್ಲಾದ ಹಿರಿಯರು ತೀರ್ಮಾನಿಸಬಹುದು. ಅದಕ್ಕೂ ಮೊದಲು, ಮಹಲಿಗೆ ಮುಂಗಡ ಕೊಡಲು ಹೊರಟ ತಂದೆ ಒಂದು ಗಳಿಗೆ ಒಳಮನೆಗೆ ಹೋಗಿ ಮಗಳನ್ನು ಕೇಳಲಿ: “ನಿನ್ನ ಮದುವೆ ಎಲ್ಲಿ ಆಗಬೇಕಮ್ಮಾ?” ಹುಡುಗ ಒಪ್ಪಿಗೆಯೇ ಎಂದು ಕೇಳಿದ ಮನೆಯಲ್ಲಿ ಈ ಪ್ರಶ್ನೆಯನ್ನೂ ಕೇಳಲೇಬೇಕು.