ವಿದ್ವಾಂಸೆಯ ಅಂಕಪಟ್ಟಿ

ಮಕ್ಕಳ ಉತ್ತರಪತ್ರಿಕೆಗೆ ಅಂಕ ಹಾಕುವುದು ನನ್ನ ವೃತ್ತಿ. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಯಾರೋ ಕೂತು ಅಂಕ ಹಾಕುತ್ತಾರೆಂದು ಓದಿದಾಗ ಒಳಗೊಳಗೇ ಸಂತೋಷವಾಯಿತೆಂದರೆ ಸುಳ್ಳಲ್ಲ. ಅವರ ಅಂಕಕ್ಕೆ ಉಲ್ಲೇಖವೆಂದು ಹೆಸರು. ಒಬ್ಬರು ಬರೆದ ಪ್ರಬಂಧವನ್ನು ಮುಂದೆ ಬರೆದವರು ಎಷ್ಟು ಸಲ ಹೆಸರಿಸಿದರು ಎಂಬ ಲೆಕ್ಕ ಅದು. "ಈ ಗೊಜ್ಜು ನಮ್ಮತ್ತೆಯಿಂದ ಕಲಿತದ್ದು" ಎಂದು ಹೇಳಿ ಬಡಿಸುತ್ತೇವಲ್ಲ, ಹಾಗೆ. ಫಿಲಡೆಲ್ಫಿಯಾದ ಯೂಜೀನ್ ಗಾರ್‌ಫೀಲ್ಡ್ 1964ರಲ್ಲಿ ಇಂಥ ಉಲ್ಲೇಖಗಳ ಸೂಚಿಯೊಂದನ್ನು ಹೊರತಂದರು. ಸಂಬಂಧಪಟ್ಟ ಬರಹಗಳನ್ನು ಹುಡುಕಲು ಅನುಕೂಲವಾಗಲೆಂಬುದು ಅದರ ಉದ್ದೇಶ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ 'ಎಚ್-ಇಂಡೆಕ್ಸ್' ಎಂಬ ಅಳತೆ ಸೂಚಿಸಿದರು. ಒಬ್ಬರ ನಲವತ್ತು ಪ್ರಬಂಧಗಳು ತಲಾ ನಲವತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಅವರ ಅಂಕ ನಲವತ್ತು. ಹುಡುಕಲೆಂದು ಮಾಡಿದ್ದು ಹೀಗೆ ತೂಗುವ ತಕ್ಕಡಿಯಾಯಿತು.

ಈ ತಕ್ಕಡಿಯಲ್ಲಿ ಒಬ್ಬ ಹೆಣ್ಣುಮಗಳನ್ನು ಕೂರಿಸಿ ನೋಡೋಣ. ಪ್ರಿಸಿಲ್ಲಾ ಕಿನ್‌ಕೇಡ್-ಸ್ಮಿತ್ 1926ರಲ್ಲಿ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿನಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಕೆಲಸ ಮಾಡಿ, ಮದುವೆಯಾಗಿ ಗಂಡನ ದೇಶವಾದ ಆಸ್ಟ್ರೇಲಿಯಕ್ಕೆ ಬಂದರು. ಮದುವೆಯಾದ ಹೆಂಗಸಿಗೆ ಖಾಯಂ ಹುದ್ದೆ ಸಿಗುವುದೇ ಕಷ್ಟವಾಗಿದ್ದ ಕಾಲ. ಅಲ್ಲಿನ ಕೇಂದ್ರ ಸರ್ಕಾರದ ನೌಕರಿಯಲ್ಲಿ ಆ ನಿರ್ಬಂಧ ತೆಗೆದದ್ದೇ 1966ರಲ್ಲಿ. ಅಂಥ ಕಡೆ ಇವರು 1975ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರೊಫೆಸರ್ ಆದರು. 2015ರಲ್ಲಿ ತೀರಿಕೊಂಡರು.

ಅವರ ಮುಖ್ಯ ಕೆಲಸ ತಲೆನೋವಿನ ಪುಡಿಯ ಮೇಲೆ. ಆ ಕಾಲದ ಆಸ್ಟ್ರೇಲಿಯದಲ್ಲಿ ಬೆಕ್ಸ್, ವಿನ್ಸೆಂಟ್ಸ್ ಎಂಬ ಪುಡಿಗಳು ಕಾಫಿಪುಡಿಯಷ್ಟೇ ಸಲೀಸಾಗಿ ಸಿಗುತ್ತಿದ್ದವು. ಒಳಗಿದ್ದದ್ದು ಆಸ್ಪಿರಿನ್, ಫೆನಾಸೆಟಿನ್, ಕೆಫೀನ್. ನಮ್ಮಲ್ಲಿ ಹಿಂದೆ ಎ.ಪಿ.ಸಿ. ಮಾತ್ರೆಯೆಂದು ಕೊಡುತ್ತಿದ್ದರಲ್ಲ, ಅದೇ ಕೂಟ. ಹೆಚ್ಚಾಗಿ ನುಂಗುತ್ತಿದ್ದವರು ಗೃಹಿಣಿಯರು. ಒಂದು ಕಪ್ ಚಹಾ, ಒಂದು ಪೊಟ್ಟಣ ಪುಡಿ, ಸ್ವಲ್ಪ ಹೊತ್ತು ಮಲಗುವುದು: ಇದು ಅಲ್ಲಿ ಗಾದೆಯಂತೆ ಬಾಯಿಂದ ಬಾಯಿಗೆ ಹೋಗುತ್ತಿತ್ತು. ದಿನಕ್ಕೆ ಐದಾರು ಪೊಟ್ಟಣ ತೆಗೆದುಕೊಳ್ಳುವವರೂ ಇದ್ದರು. ಕೆಫೀನ್ ಇದ್ದುದರಿಂದ ಬಿಟ್ಟರೆ ತಲೆನೋವು, ತಲೆನೋವು ಬಂದರೆ ಮತ್ತೆ ಪುಡಿ. ಆಕೆಗೆ ಅಷ್ಟು ತಲೆನೋವು ಏಕೆ ಬರುತ್ತಿತ್ತು ಎಂದು ಮನೆಯಲ್ಲಿ ಯಾರೂ ಕೇಳಿರಲಾರರು.

ಇಂಥವರ ಮೂತ್ರಪಿಂಡದ ಒಳತುದಿಗಳು ಸತ್ತುಹೋಗುತ್ತಿದ್ದವು. ಫೆನಾಸೆಟಿನ್‌ನ ಮೇಲೆ ಗುಮಾನಿ ಹೊಸದಲ್ಲ. 1953ರಲ್ಲೇ ಸ್ವಿಟ್ಜರ್ಲೆಂಡಿನ ಸ್ಪ್ಯೂಲರ್ ಮತ್ತು ಝೋಲಿಂಗರ್ ಅದನ್ನು ಬರೆದಿದ್ದರು. ಕಿನ್‌ಕೇಡ್-ಸ್ಮಿತ್ ರೋಗಿಗಳನ್ನು ಪುಡಿಯ ವಿಚಾರ ಕೇಳಿದರು, ಇಲಿಗಳ ಮೇಲೆ ಪ್ರಯೋಗ ಮಾಡಿದರು, ಹಾನಿ ಎಲ್ಲಿಂದ ಶುರುವಾಗುತ್ತದೆಂಬುದನ್ನು 1967ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಬರೆದು ಸುಮ್ಮನೆ ಕೂರಲಿಲ್ಲ. ಪುಡಿ ಮಾರುವವರನ್ನೂ ಸರ್ಕಾರವನ್ನೂ ಎದುರು ಹಾಕಿಕೊಂಡು ವರ್ಷಗಟ್ಟಲೆ ಹೋರಾಡಿದರು. 1979ರಲ್ಲಿ ಇಂಥ ಮಿಶ್ರ ನೋವುನಿವಾರಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿರ್ಬಂಧ ಬಂತು. ಅದಕ್ಕೆ ಮೊದಲು ಅಲ್ಲಿ ಕಿಡ್ನಿ ಪೂರ್ತಿ ಕೆಟ್ಟು ಡಯಾಲಿಸಿಸ್‌ಗೆ ಬರುತ್ತಿದ್ದ ಐವರಲ್ಲಿ ಒಬ್ಬರಿಗೆ ಈ ಪುಡಿಯೇ ಕಾರಣವಾಗಿತ್ತು. ನಂತರದ ದಶಕಗಳಲ್ಲಿ ಆ ಕಾಯಿಲೆಯ ಹೊಸ ರೋಗಿಗಳು ಕಾಣುವುದೇ ಅಪರೂಪವಾಯಿತು.

ನನ್ನ ತಕರಾರು ಇಲ್ಲಿಂದ ಶುರು. ಕಾಯಿಲೆ ಹೋದರೆ ಅದರ ಬಗ್ಗೆ ಬರೆಯುವವರೂ ಹೋಗುತ್ತಾರೆ. ಬರೆಯುವವರಿಲ್ಲದಿದ್ದರೆ ಉಲ್ಲೇಖ ಎಲ್ಲಿಂದ ಬರಬೇಕು? ಕಳೆ ಪೂರ್ತಿ ಕಿತ್ತವಳಿಗೆ, ಈಗ ನಿನ್ನ ಹೊಲದಲ್ಲಿ ಕೀಳಲು ಏನೂ ಇಲ್ಲವೆಂದು ಕೂಲಿ ಕಡಿತ ಮಾಡಿದ ಹಾಗಾಯಿತು.

ಇನ್ನೊಂದು ಪಕ್ಕ ನೋಡಿ. ಅಮೆರಿಕದ ಆಂಡ್ರ್ಯೂ ಲೀವಿ ಮತ್ತು ಸಂಗಡಿಗರು 1999ರಲ್ಲಿ, ಮತ್ತೆ 2009ರಲ್ಲಿ, ರಕ್ತದ ಕ್ರಿಯಾಟಿನಿನ್‌ನಿಂದ ಮೂತ್ರಪಿಂಡದ ಕೆಲಸವನ್ನು ಅಂದಾಜು ಮಾಡುವ ಸೂತ್ರ ಕೊಟ್ಟರು. ನಮ್ಮ ಊರಿನ ಲ್ಯಾಬಿನ ವರದಿಯಲ್ಲೂ 'ಇ-ಜಿ-ಎಫ್-ಆರ್' ಎಂಬ ಸಾಲು ಕಂಡಿರಬಹುದು. ಅದು ಇಂಥ ಸೂತ್ರದಿಂದ ಬಂದದ್ದು. ಬಲು ಉಪಯುಕ್ತ ಕೆಲಸ, ಅನುಮಾನವೇ ಇಲ್ಲ. ಸೂತ್ರ ಬಳಸಿ ಬರೆದವರೆಲ್ಲ ಮೂಲವನ್ನು ಹೆಸರಿಸಬೇಕಾದ್ದರಿಂದ ಆ ಪ್ರಬಂಧಗಳ ಉಲ್ಲೇಖ ಹತ್ತು ಸಾವಿರವನ್ನೂ ದಾಟಿ ಹೋಯಿತು. ಆ ಸೂತ್ರದಲ್ಲಿ ಕರಿಯರಿಗೆ ಬೇರೆ ಗುಣಕವಿತ್ತು. ಅದರಿಂದ ಅವರ ಮೂತ್ರಪಿಂಡ ಇರುವುದಕ್ಕಿಂತ ಚೆನ್ನಾಗಿದೆಯೆಂದು ತೋರಿ ಚಿಕಿತ್ಸೆ ತಡವಾಗಬಹುದೆಂಬ ಆಕ್ಷೇಪ ಬಲವಾಗಿ, 2021ರಲ್ಲಿ ಗುಣಕವಿಲ್ಲದ ಹೊಸ ಸೂತ್ರ ಬಂತು. ಲೀವಿಯವರೂ ಆ ತಂಡದಲ್ಲಿದ್ದರು. ಆಕ್ಷೇಪಿಸಿ ಬರೆದವರು ಕೂಡ ಹಳೆಯ ಪ್ರಬಂಧವನ್ನು ಹೆಸರಿಸಲೇಬೇಕು. ಹೊಗಳಿದರೂ ಒಂದು ಅಂಕ, ತೆಗಳಿದರೂ ಒಂದು ಅಂಕ. ನಾನು ಹೀಗೆ ಮೌಲ್ಯಮಾಪನ ಮಾಡಿದರೆ ನಮ್ಮ ಹೆಡ್‌ಮಾಸ್ಟರು ಸುಮ್ಮನಿರುತ್ತಾರೆಯೆ?

ಕಿನ್‌ಕೇಡ್-ಸ್ಮಿತ್‌ರ ಮಾತೆಲ್ಲ ವೇದವಾಕ್ಯವೆಂದೇನೂ ಅಲ್ಲ. ಫೆನಾಸೆಟಿನ್ ಒಂದನ್ನೇ ದೂರಿದರೆ ಸಾಲದು, ಆಸ್ಪಿರಿನ್ ಕೂಡಿದ ಮಿಶ್ರಣವೇ ಅಪಾಯವೆಂದು ಅವರು ಹಿಡಿದ ಪಟ್ಟನ್ನು ಎಲ್ಲರೂ ಒಪ್ಪಲಿಲ್ಲ. ಫೆನಾಸೆಟಿನ್ ಇಲ್ಲದ ಮಿಶ್ರಣಗಳ ಮೇಲೆ ಸಾಕಷ್ಟು ಪುರಾವೆಯಿಲ್ಲವೆಂದು 2000ದಲ್ಲಿ ತಜ್ಞರ ಒಂದು ಸಮಿತಿ ಹೇಳಿತು. ವಾದ ಇರಲಿ. ಅವರ ಹೆಸರಿನ ಮುಂದೆ ಬರೆಯಬೇಕಾದ ಸಂಖ್ಯೆ ಡಯಾಲಿಸಿಸ್ ಯಂತ್ರದ ಬಳಿಗೆ ಹೋಗದೆ ಉಳಿದ ಹೆಂಗಸರದ್ದು. ಕಿಡ್ನಿ ಚೆನ್ನಾಗಿರುವ ಅವರಿಗೆ ಈಕೆಯ ಹೆಸರೇ ಗೊತ್ತಿರಲಿಕ್ಕಿಲ್ಲ.

ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಸಂಜೆ ಐದರ ಮೇಲೆ ನಿಂತು ನೋಡಿ. ಮಂಡಿನೋವಿಗೆ, ಸೊಂಟನೋವಿಗೆ ಎಂದರೆ ಸಾಕು, ಚೀಟಿ ಕೇಳದೆ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರೆ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರ ಕಿಡ್ನಿಗೆ ಅಂಥ ಮಾತ್ರೆಗಳಿಂದ ಆಗುವ ಹಾನಿ ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಕೊಳ್ಳಲು ನಿಂತವರಲ್ಲಿ ಹೆಚ್ಚಿನವರು ನಮ್ಮ ವಯಸ್ಸಿನವರೇ, ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದವರು.