ತೂತಿನ ಕೊಡ ಹೊತ್ತು ಗೆದ್ದವರು

2019ರ ವಾಷಿಂಗ್ಟನ್ ನ್ಯಾಷನಲ್ಸ್ ಬೇಸ್‌ಬಾಲ್ ತಂಡದ ಕತೆ ಹೇಳುವವರೆಲ್ಲ ಮೇ 23ರಿಂದಲೇ ಶುರು ಮಾಡುತ್ತಾರೆ. ಅಂದಿಗೆ 19 ಗೆಲುವು, 31 ಸೋಲು. ತಾರಾ ಆಟಗಾರ ಬ್ರೈಸ್ ಹಾರ್ಪರ್ 33 ಕೋಟಿ ಡಾಲರಿನ ಒಪ್ಪಂದಕ್ಕೆ ಫಿಲಡೆಲ್ಫಿಯಾ ಸೇರಿಯಾಗಿತ್ತು. ಮ್ಯಾನೇಜರ್ ಡೇವ್ ಮಾರ್ಟಿನೆಝ್ ಅವರ ಕುರ್ಚಿ ಇವತ್ತೋ ನಾಳೆಯೋ ಎನ್ನುವಂತಿತ್ತು. ಅಲ್ಲಿಂದ ಎದ್ದ ತಂಡ ಒಟ್ಟು 93 ಪಂದ್ಯ ಗೆದ್ದು ಪ್ಲೇಆಫ್‌ಗೆ ನುಗ್ಗಿತು. ಛಲದ ಕತೆ, ಸರಿ. ನಡುವೆ ಗೆರಾರ್ಡೊ ಪಾರಾ ತಮ್ಮ ಪುಟ್ಟ ಮಗಳಿಗೆ ಇಷ್ಟವೆಂದು ‘ಬೇಬಿ ಶಾರ್ಕ್’ ಹಾಡು ಹಾಕಿಸಿಕೊಂಡು ಬ್ಯಾಟ್ ಹಿಡಿಯತೊಡಗಿದರು, ಇಡೀ ಸ್ಟೇಡಿಯಂ ಮೀನಿನ ಬಾಯಿಯಂತೆ ಕೈ ಆಡಿಸಿತು. ಅದೂ ಸರಿ. ಆದರೆ ನನ್ನನ್ನು ಹಿಡಿದಿಟ್ಟದ್ದು ಛಲವಲ್ಲ, ಆ ತಂಡದ ತೂತು.

ತೂತು ಇದ್ದದ್ದು ಬುಲ್‌ಪೆನ್‌ನಲ್ಲಿ. ಮೈದಾನದ ಅಂಚಿನಲ್ಲಿ ಕೂತು ಕರೆ ಬರುವುದನ್ನೇ ಕಾಯುವ ಬದಲಿ ಪಿಚ್ಚರ್‌ಗಳ ಪಡಸಾಲೆ ಅದು. ಆ ವರ್ಷ ಅವರೆಲ್ಲ ಸೇರಿ ಪ್ರತಿ ಒಂಬತ್ತು ಇನಿಂಗ್ಸಿಗೆ ಸರಾಸರಿ 5.66 ರನ್ ಬಿಟ್ಟುಕೊಟ್ಟರು. ನ್ಯಾಷನಲ್ ಲೀಗಿನಲ್ಲಿ ಅದಕ್ಕಿಂತ ಕಳಪೆ ಇನ್ನೊಂದಿಲ್ಲ. ಮ್ಯಾಕ್ಸ್ ಶೆರ್ಜರ್, ಸ್ಟೀಫನ್ ಸ್ಟ್ರಾಸ್‌ಬರ್ಗ್, ಪ್ಯಾಟ್ರಿಕ್ ಕಾರ್ಬಿನ್‌ರಂಥವರು ಆರೇಳು ಇನಿಂಗ್ಸ್ ಕಷ್ಟಪಟ್ಟು ತುಂಬಿದ ಕೊಡ, ಮನೆ ಮುಟ್ಟುವಷ್ಟರಲ್ಲಿ ಸೋರಿಹೋಗಿರುತ್ತಿತ್ತು. 162 ಪಂದ್ಯಗಳ ಋತುವಿನಲ್ಲಿ ಈ ತೂತನ್ನು ಮುಚ್ಚಿಡಲಾಗದು. ಹೆಚ್ಚುಕಡಿಮೆ ದಿನವೂ ಆಟ. ಸುಮಾರು ನೂರು ಎಸೆತ ಎಸೆದ ಆರಂಭಿಕ ಪಿಚ್ಚರ್‌ನ ತೋಳಿಗೆ ನಾಲ್ಕು ದಿನವಾದರೂ ವಿಶ್ರಾಂತಿ ಬೇಕು. ಉಳಿದದ್ದನ್ನು ಪಡಸಾಲೆಯವರೇ ಎಸೆಯಬೇಕು.

ಅಕ್ಟೋಬರ್‌ನ ಪ್ಲೇಆಫ್‌ನ ಲೆಕ್ಕ ಬೇರೆ. ಪಂದ್ಯಗಳು ಕಡಿಮೆ, ನಡುವೆ ಬಿಡುವಿನ ದಿನಗಳುಂಟು, ನಾಳೆಗೆಂದು ಯಾರನ್ನೂ ಎತ್ತಿಡಬೇಕಿಲ್ಲ. ಮಾರ್ಟಿನೆಝ್ ಮಾಡಿದ್ದಿಷ್ಟೇ: ನಂಬಲಾಗದವರನ್ನು ಆದಷ್ಟು ಕರೆಯದೆ, ಆರಂಭಿಕರನ್ನೇ ನಡುವೆಯೂ ಇಳಿಸಿದರು. ಅಕ್ಟೋಬರ್ 1ರ ವೈಲ್ಡ್ ಕಾರ್ಡ್ ಪಂದ್ಯ, ಸೋತರೆ ಮನೆಗೆ. ವೃತ್ತಿಜೀವನದಲ್ಲಿ ಎಂದೂ ಬದಲಿಯಾಗಿ ಎಸೆಯದ ಸ್ಟ್ರಾಸ್‌ಬರ್ಗ್ ಅಂದು ಹಾಗೆ ಬಂದು ಮೂರು ಇನಿಂಗ್ಸ್ ಕಾದರು. ಎಂಟನೇ ಇನಿಂಗ್ಸಿನಲ್ಲಿ ಇಪ್ಪತ್ತರ ಹುಡುಗ ಹ್ವಾನ್ ಸೋಟೊ ಹೊಡೆದ ಚೆಂಡು ಮಿಲ್ವಾಕಿಯ ಫೀಲ್ಡರನ ಕೈತಪ್ಪಿ ಮೂರು ರನ್ ಬಂದವು. ಅದರಲ್ಲಿ ಅದೃಷ್ಟದ ಪಾಲು ದೊಡ್ಡದು, ಒಪ್ಪೋಣ. ಮುಂದೆ 106 ಪಂದ್ಯ ಗೆದ್ದಿದ್ದ ಡಾಡ್ಜರ್ಸ್ ಬಿತ್ತು, ಕಾರ್ಡಿನಲ್ಸ್ ನಾಲ್ಕಕ್ಕೆ ನಾಲ್ಕೂ ಸೋತಿತು.

ಕೊನೆಯ ಹಣಾಹಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಎದುರಾಳಿ 107 ಗೆಲುವಿನ ಹ್ಯೂಸ್ಟನ್ ಆಸ್ಟ್ರೋಸ್. ಏಳು ಪಂದ್ಯಗಳಲ್ಲಿ ಒಂದನ್ನೂ ಮನೆಯ ತಂಡ ಗೆಲ್ಲಲಿಲ್ಲ, ಹಿಂದೆಂದೂ ಹೀಗಾಗಿರಲಿಲ್ಲ. ಐದನೇ ಪಂದ್ಯದ ದಿನ ಶೆರ್ಜರ್ ಕತ್ತು ಹಿಡಿದುಕೊಂಡು ಹಾಸಿಗೆಯಿಂದ ಏಳಲಾರದೆ ಹೋದರು. ಬಟ್ಟೆ ತೊಡಲೂ ಹೆಂಡತಿಯ ಕೈ ಬೇಕಾಯಿತು. ಮೂರು ದಿನ ಕಳೆದು ಅದೇ ಮನುಷ್ಯ ಏಳನೇ ಪಂದ್ಯವನ್ನು ಆರಂಭಿಸಿದರು.

ನಮ್ಮಲ್ಲಿ ಆಗ ರಾಜ್ಯೋತ್ಸವದ ಹಿಂದಿನ ದಿನದ ಬೆಳಗು. ಮನೆಯವರು ಏಳದಿರಲೆಂದು ಟಿವಿಯ ಸದ್ದು ಅಡಗಿಸಿ ಕೂತಿದ್ದೆ. ಶೆರ್ಜರ್ ಹೆಜ್ಜೆಗೊಮ್ಮೆ ಎಡವುತ್ತ ಐದು ಇನಿಂಗ್ಸ್ ದಾಟಿಸಿ ಎರಡೇ ರನ್ ಕೊಟ್ಟಿದ್ದರು. ಅತ್ತ ಜ್ಯಾಕ್ ಗ್ರೀಂಕಿ ಆರು ಇನಿಂಗ್ಸ್ ಒಂದೂ ರನ್ ಬಿಟ್ಟಿರಲಿಲ್ಲ. ಏಳನೆಯದರಲ್ಲಿ ಆಂಥನಿ ರೆಂಡನ್ ಹೋಮ್ ರನ್ ಬಾರಿಸಿದರು, ಸೋಟೊ ನಾಲ್ಕು ಬಾಲ್ ಬಿಟ್ಟು ಬೇಸ್ ಪಡೆದರು. ಹ್ಯೂಸ್ಟನ್ ಮ್ಯಾನೇಜರ್ ಎ.ಜೆ. ಹಿಂಚ್ ನಡೆದು ಬಂದು ಗ್ರೀಂಕಿಯನ್ನು ಕರೆದೊಯ್ದರು. ಎಸೆದದ್ದು ಎಂಬತ್ತೇ ಎಸೆತ!

ಬಂದವರು ವಿಲ್ ಹ್ಯಾರಿಸ್. ಅವರ ಎರಡನೇ ಎಸೆತ ಹೊರಬದಿಗೆ, ತಗ್ಗಿನಲ್ಲಿತ್ತು, ಕೆಟ್ಟ ಎಸೆತವೇನಲ್ಲ. 36ರ ಹೋವಿ ಕೆಂಡ್ರಿಕ್ ಬ್ಯಾಟ್ ಚಾಚಿದರು. ಚೆಂಡು ಬಲಗೆರೆಯ ಗುಂಟ ಹಾರುತ್ತ ಹಾರುತ್ತ ಹೊರಕ್ಕೆ ವಾಲಿತು. ಗೆರೆಯ ಕೊನೆಗೆ ಹಳದಿ ಕಂಬವೊಂದಿದೆ. ಅದರ ಹೆಸರು ಫೌಲ್ ಪೋಲ್, ಆದರೆ ಅದಕ್ಕೆ ಹಾರಿ ತಗಲಿದ ಚೆಂಡು ಹೋಮ್ ರನ್! ಚೆಂಡು ಆ ಕಂಬದ ಜಾಲರಿಗೇ ಬಡಿಯಿತು. ಸದ್ದು ಕೇಳಿಸದಿದ್ದರೂ ಜಾಲರಿ ಅದುರಿದ್ದು ಕಂಡಂತಾಯಿತು. 3–2. ಇನ್ನೊಂದು ಗೇಣು ಆಚೆಗಿದ್ದರೆ ಬರೀ ಫೌಲ್.

ಆಮೇಲಿನದನ್ನು ಬೇಗ ಹೇಳಬಹುದು: ನ್ಯಾಷನಲ್ಸ್ 6–2ರಿಂದ ಗೆದ್ದಿತು. ವಾಷಿಂಗ್ಟನ್‌ಗೆ 1924ರ ನಂತರ ಮೊದಲ ಕಿರೀಟ. ತೂತಿನ ಬುಲ್‌ಪೆನ್ನಿನ ಆ ತಂಡ ಅಂದು ಬಳಸಿದ್ದು ಮೂರೇ ಪಿಚ್ಚರ್‌ಗಳನ್ನು: ಶೆರ್ಜರ್ ಐದು, ಆರಂಭಿಕನೇ ಆದ ಕಾರ್ಬಿನ್ ಮೂರು, ಡೇನಿಯಲ್ ಹಡ್ಸನ್ ಒಂದು ಇನಿಂಗ್ಸ್. ಹ್ಯೂಸ್ಟನ್‌ನವರ ಬಳಿಯೂ ಅಂಥದೊಂದು ತೋಳಿತ್ತು. ಆ ಋತುವಿನಲ್ಲಿ 20 ಗೆಲುವು ಕಂಡಿದ್ದ ಗೆರಿಟ್ ಕೋಲ್ ಬುಲ್‌ಪೆನ್‌ನಲ್ಲಿ ಮೈ ಬಿಸಿ ಮಾಡಿಕೊಂಡಿದ್ದರು. ಕರೆ ಬರಲೇ ಇಲ್ಲ.