ಸೋಲಿಲ್ಲದ ಸರದಾರನ ಸೋಲುಗಳು

ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಕಡೆ ಮನೆ ಕಟ್ಟಿಕೊಂಡ ಮಲೆನಾಡಿನವರ ಎದುರು ‘ಸೋಲಿಲ್ಲದ ಸರದಾರ’ ಎನಿಸಿಕೊಂಡ ಸಾರೆಕೊಪ್ಪ ಬಂಗಾರಪ್ಪನವರ ಹೆಸರು ತೆಗೆದರೆ ಮಾತು ಬೇಗ ಮುಗಿಯುವುದಿಲ್ಲ. ನಮ್ಮ ಬೀದಿಯಲ್ಲೇ ಸರ್ಕಾರಿ ನೌಕರಿಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ಸೊರಬದ ಕಡೆಯವರು. ಪಕ್ಷಾಂತರದ ಮಾತು ಬಂದರೆ ಎಲ್ಲ ಪಕ್ಷದವರನ್ನೂ ಬೈಯುತ್ತಾರೆ, ಬಂಗಾರಪ್ಪನವರನ್ನು ಮಾತ್ರ ಬಿಟ್ಟು. ‘ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೂ ಒಂದು ಬೆಲೆ ಇದೆ ಅಂತ ತೋರಿಸಿದ್ದು ಅವರೇ ಸ್ವಾಮಿ’ ಎನ್ನುತ್ತಾರೆ. ಹಳ್ಳಿಯಲ್ಲಿ ಓದಿದವರಿಗೆ ಸರ್ಕಾರಿ ನೌಕರಿಯ ಆಯ್ಕೆಯಲ್ಲಿ ಹೆಚ್ಚುವರಿ ಅಂಕ ಕೊಟ್ಟ ಗ್ರಾಮೀಣ ಕೃಪಾಂಕದ ಮಾತು ಅದು. ಈ ನಿಷ್ಠೆಯನ್ನು ಕುರುಡು ಅಭಿಮಾನ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಆದರೆ ಅದನ್ನು ಆ ನಾಯಕ ಏನು ಮಾಡಿದರು ಎಂದು ಕೇಳಲೇಬೇಕು.

ಬಂಗಾರಪ್ಪ 1990ರ ಅಕ್ಟೋಬರ್‌ನಿಂದ 1992ರ ನವೆಂಬರ್‌ವರೆಗೆ ಮುಖ್ಯಮಂತ್ರಿಯಾಗಿದ್ದರು. ಬರೀ ಎರಡು ವರ್ಷ ಒಂದು ತಿಂಗಳು. ಅಷ್ಟರಲ್ಲೇ ಮನೆಯಿಲ್ಲದವರಿಗೆ ಆಶ್ರಯ, ಊರ ಗುಡಿಗಳಿಗೆ ಆರಾಧನಾ, ಕುಶಲಕರ್ಮಿಗಳಿಗೆ ವಿಶ್ವ, ರೈತರ ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಬಂದವು. ಇವನ್ನು ‘ಜನಪ್ರಿಯ ಯೋಜನೆ’ ಎಂದು ಮೂಗು ಮುರಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆರಾಧನಾ ಯೋಜನೆ ನನಗೆ ಮುಖ್ಯವಾಗಿ ಕಾಣುವುದು, ಅದರ ಹಣ ದೊಡ್ಡ ಕ್ಷೇತ್ರಗಳ ಹುಂಡಿಗಲ್ಲ, ಮಾರಿಗುಡಿ ಭೂತನಗುಡಿಗಳ ಹೆಂಚಿಗೆ ಹೋಯಿತು ಎಂಬ ಕಾರಣಕ್ಕೆ. ಸರ್ಕಾರದ ಕಣ್ಣಿಗೆ ತನ್ನ ದೇವರೂ ಬಿತ್ತು ಎಂದು ಒಬ್ಬ ಬಡವನಿಗೆ ಅನಿಸಿದರೆ, ಆ ಋಣ ಪಕ್ಷದ ಲೆಕ್ಕಕ್ಕೆ ಹೋಗುವುದಿಲ್ಲ, ಮನುಷ್ಯನ ಲೆಕ್ಕಕ್ಕೆ ಹೋಗುತ್ತದೆ. ಬಂಗಾರಪ್ಪನವರ ಶಕ್ತಿಯೂ ಅವರ ದೋಷವೂ ಇಲ್ಲೇ ಹುಟ್ಟಿದವು.

ಸೋಲನ್ನು ನಿಷ್ಠೆಯಾಗಿ ಪರಿವರ್ತಿಸುವ ವಿದ್ಯೆ ಅವರಿಗೆ ಎಷ್ಟು ಒಲಿದಿತ್ತು ಎಂಬುದಕ್ಕೆ 1991ರ ಕಾವೇರಿ ಪ್ರಸಂಗ ಸಾಕು. ಆ ವರ್ಷದ ಜೂನ್ 25ರಂದು ನ್ಯಾಯಮಂಡಳಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡುವಂತೆ ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪ ಸರ್ಕಾರ ಜುಲೈನಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಆ ಆದೇಶಕ್ಕೆ ಅಡ್ಡ ನಿಂತಿತು. ನವೆಂಬರ್ 22ರಂದು ಸುಪ್ರೀಂ ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದಿತು. ಒಂದು ರಾಜ್ಯದ ಸುಗ್ರೀವಾಜ್ಞೆ ನ್ಯಾಯಮಂಡಳಿಯ ಆದೇಶವನ್ನು ಮೀರಿ ನಿಲ್ಲುವುದಿಲ್ಲ ಎಂದು ವಕೀಲಿ ಓದಿದ ಬಂಗಾರಪ್ಪನವರಿಗೆ ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ. ಕೋರ್ಟಿನಲ್ಲಿ ಸೋತರೂ ಮಂಡ್ಯ, ಮೈಸೂರು ಸೀಮೆಯ ಜನರ ಮನಸ್ಸಿನಲ್ಲಿ ‘ನಮಗಾಗಿ ದಿಲ್ಲಿಗೂ ತಲೆಬಾಗದವರು’ ಎಂಬ ಹೆಸರು ಉಳಿಯಿತು. ಅಲ್ಲಿ ರೈತನ ಪರ ನಿಂತದ್ದು ತಪ್ಪಲ್ಲ. ಗೆಲ್ಲಲಾಗದ ದಾರಿಯನ್ನು ಗೆಲ್ಲುವ ದಾರಿಯೆಂದು ಜನರಿಗೆ ತೋರಿಸಿದ್ದು ತಪ್ಪು.

ಆ ತಪ್ಪಿನ ಬೆಲೆ ತೆತ್ತವರು ಯಾರು? ಡಿಸೆಂಬರ್‌ನಲ್ಲಿ ಮಧ್ಯಂತರ ಆದೇಶ ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿ ಬಂದ್ ನಡೆಯಿತು, ಬಂದ್ ಗಲಭೆಯಾಯಿತು. ನಗರದ ಪಶ್ಚಿಮ ಭಾಗ, ಅಂದರೆ ನಾವು ದಿನವೂ ಓಡಾಡುವ ಈ ಸೀಮೆ, ಹೆಚ್ಚು ಬೆಂದಿತು. ಗಾರೆ ಕೆಲಸಕ್ಕೆ, ಕಲ್ಲು ಹೊರಲು ಬಂದಿದ್ದ ತಮಿಳು ಕೂಲಿಗಳ ಗುಡಿಸಲುಗಳಿಗೆ ಬೆಂಕಿ ಬಿತ್ತು. ಸಾವಿರಾರು ಜನ ಮಕ್ಕಳು ಮರಿ ಕಟ್ಟಿಕೊಂಡು ಊರು ಬಿಟ್ಟರು. ಪೊಲೀಸರ ಗುಂಡಿಗೂ ಜೀವಗಳು ಹೋದವು. ರಾಜಾಜಿನಗರದ, ವಿಜಯನಗರದ ಎಷ್ಟೋ ಮನೆಗಳ ಪಾಯ ತೋಡಿದ ಕೈಗಳು ಅವು. ಆಶ್ರಯ ಯೋಜನೆ ತಂದ ಮುಖ್ಯಮಂತ್ರಿಯ ಕಾಲದಲ್ಲೇ ಈ ಬಡವರ ಸೂರು ಸುಟ್ಟಿತು ಎಂಬುದನ್ನು ಬಂಗಾರಪ್ಪನವರ ಅಭಿಮಾನಿಗಳು ಇವತ್ತಿಗೂ ಮಾತಾಡುವುದಿಲ್ಲ. ನಮ್ಮ ಬೀದಿಯ ಹಿರಿಯರೂ ಅಷ್ಟೇ. ಆ ಡಿಸೆಂಬರ್ ಎಂದರೆ ಸುಮ್ಮನಾಗುತ್ತಾರೆ.

ಕುರ್ಚಿ ಹೋದ ಮೇಲಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1992ರಲ್ಲಿ ಕಾಂಗ್ರೆಸ್ ಅವರನ್ನು ಇಳಿಸಿ ವೀರಪ್ಪ ಮೊಯಿಲಿಯವರನ್ನು ಕೂರಿಸಿತು. ಬಂಗಾರಪ್ಪ ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿದರು. 1994ರ ಚುನಾವಣೆಯಲ್ಲಿ ಅದಕ್ಕೆ ಬಂದದ್ದು 10 ಸ್ಥಾನ. ಆದರೆ ಕಾಂಗ್ರೆಸ್ 34ಕ್ಕೆ ಕುಸಿಯಿತು, ಜನತಾ ದಳ 115 ಗೆದ್ದು ಅಧಿಕಾರ ಹಿಡಿಯಿತು. ತಾನು ಗೆಲ್ಲದೆ ಇದ್ದರೂ ತನ್ನನ್ನು ಬಿಟ್ಟವರನ್ನು ಸೋಲಿಸಬಲ್ಲೆ ಎಂದು ತೋರಿಸಿದ್ದೇ ಆಮೇಲಿನ ಹದಿನೈದು ವರ್ಷ ಅವರ ಬಂಡವಾಳವಾಯಿತು. 1996ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದರು. 1998ರಲ್ಲಿ ಕರ್ನಾಟಕ ವಿಕಾಸ ಪಕ್ಷದಿಂದ ನಿಂತು ಆಯನೂರು ಮಂಜುನಾಥ್ ಎದುರು ಸೋತರು. 1999ರಲ್ಲಿ ಮತ್ತೆ ಕಾಂಗ್ರೆಸ್, ಮತ್ತೆ ಗೆಲುವು. 2004ರಲ್ಲಿ ಬಿಜೆಪಿ. ಆ ವರ್ಷ ಬಿಜೆಪಿ ವಿಧಾನಸಭೆಯಲ್ಲಿ 79 ಸ್ಥಾನ ಪಡೆದು ಮೊದಲ ಬಾರಿಗೆ ಅತಿದೊಡ್ಡ ಪಕ್ಷವಾದದ್ದರಲ್ಲಿ, ಅವರ ಬೆನ್ನಿಗೆ ಹೋದ ಹಿಂದುಳಿದ ವರ್ಗದ ಮತಗಳ ಪಾಲಿತ್ತು. ಲೋಹಿಯಾ ವಿಚಾರದಿಂದ ಬೆಳೆದು 1967ರಲ್ಲಿ ಸೊರಬದಿಂದ ಮೊದಲು ಗೆದ್ದವರ ಬದುಕಿನಲ್ಲಿ ನನಗೆ ಅತಿ ನೋವಿನ ಘಟ್ಟ ಇದು. ಮರುವರ್ಷವೇ ಬಿಜೆಪಿ ಬಿಟ್ಟು ಸಮಾಜವಾದಿ ಪಕ್ಷದಿಂದ ಉಪಚುನಾವಣೆ ಗೆದ್ದರು. ಆದರೆ ಆ ಹೊತ್ತಿಗೆ ಅವರು ಒಯ್ದ ಮತ ಹಿಂದೆ ಬರಲಿಲ್ಲ. 2008ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು, 2009ರಲ್ಲಿ ಶಿವಮೊಗ್ಗದಲ್ಲಿ ಅವರ ಮಗ ರಾಘವೇಂದ್ರ ಎದುರು ಸೋತರು.

ಪಕ್ಷ ಬದಲಾದಂತೆಲ್ಲ ಬೆಂಬಲಿಗರೂ ಬಾವುಟ ಬದಲಿಸಿದರು. ಗೋಡೆಯ ಮೇಲಿನ ಚಿಹ್ನೆ ಅಳಿಸಿ ಇನ್ನೊಂದು ಬರೆದರು. ಇದನ್ನು ಬಂಗಾರಪ್ಪನವರ ವರ್ಚಸ್ಸು ಎಂದು ಹೊಗಳುವುದು ರೂಢಿ. ನಾನು ಇದನ್ನು ಅವರ ದೊಡ್ಡ ವೈಫಲ್ಯ ಎನ್ನುತ್ತೇನೆ. ಅಷ್ಟು ಜನ ಹಿಂದೆ ಬಂದರೂ ಆ ಜನಕ್ಕೆ ನಿಲ್ಲಲು ಒಂದು ಸಂಘಟನೆ ಉಳಿಯಲಿಲ್ಲ, ಅವರೊಳಗಿನಿಂದ ಎರಡನೇ ಸಾಲಿನ ನಾಯಕರು ಏಳಲಿಲ್ಲ. ಪ್ರತಿ ಸಲವೂ ದಿಲ್ಲಿಯ ಅಥವಾ ಬೆಂಗಳೂರಿನ ಚೌಕಾಸಿಯಲ್ಲಿ ಆ ನಿಷ್ಠೆ ತಕ್ಕಡಿಗೆ ಬಿತ್ತು.

ಬಂಗಾರಪ್ಪನವರ ಪಕ್ಕದಲ್ಲಿಟ್ಟು ನೋಡಬೇಕಾದವರು ದೇವರಾಜ ಅರಸು. 1980ರ ಜನವರಿಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 27 ಗೆದ್ದಾಗ ಅರಸು ಅವರ ಶಾಸಕರು ಹಿಂಡು ಹಿಂಡಾಗಿ ಎದ್ದು ಹೋದರು. ಅರಸು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಎರಡು ವರ್ಷದಲ್ಲಿ, 1982ರ ಜೂನ್‌ನಲ್ಲಿ ತೀರಿಕೊಂಡರು. ಬೆಂಬಲಿಗರನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಅರಸು ಸೋತವರೇ. ಆದರೆ ಭೂಸುಧಾರಣೆಯಲ್ಲಿ ಗೇಣಿದಾರನ ಹೆಸರಿಗೆ ಬಂದ ಪಹಣಿ ಯಾರ ಸೋಲಿನಿಂದಲೂ ಅಳಿಯಲಿಲ್ಲ. ಹಿಂದುಳಿದ ವರ್ಗಗಳ ಮೀಸಲಾತಿಗೆ ಹಾವನೂರ್ ಆಯೋಗ ತೆರೆದ ಬಾಗಿಲು ಮುಚ್ಚಲಿಲ್ಲ. ಅರಸು ಕಟ್ಟಿದ ಕ್ರಾಂತಿರಂಗವನ್ನೇ ಅವರ ನಂತರ ಮುನ್ನಡೆಸಿದ ಬಂಗಾರಪ್ಪನವರಿಗೆ ಈ ವ್ಯತ್ಯಾಸ ಕಾಣಬೇಕಿತ್ತು.

ನಮ್ಮ ಭಾಗದ ಇಂದಿನ ರಾಜಕಾರಣಕ್ಕೆ ಬಂದರೆ ಆಟದ ನಿಯಮವೇ ಬದಲಾಗಿದೆ. ಬಿನ್ನಿಪೇಟೆ, ಗೋವಿಂದರಾಜನಗರಗಳಲ್ಲಿ ಬೇರು ಬಿಟ್ಟ ವಿ. ಸೋಮಣ್ಣ 2009ರ ಉಪಚುನಾವಣೆಯಲ್ಲಿ ಸೋತು ವಿಧಾನ ಪರಿಷತ್ತಿಗೆ ಹೋದರು. 2023ರಲ್ಲಿ ವರುಣ, ಚಾಮರಾಜನಗರ ಎರಡರಲ್ಲೂ ಸೋತರು. 2024ರಲ್ಲಿ ತುಮಕೂರಿನಿಂದ ಗೆದ್ದು ಕೇಂದ್ರದಲ್ಲಿ ಸಚಿವರಾದರು. ಈಗ ಸೋತವರನ್ನು ಮತ್ತೆ ನಿಲ್ಲಿಸುವುದು ಪಕ್ಷದ ಕೆಲಸ. ಸೋತು ಊರಿಗೆ ಮರಳಿ, ಜನರ ಜಗುಲಿಯಲ್ಲಿ ಕುಳಿತು ಮತ್ತೆ ಏಳಬೇಕಿದ್ದ ಬಂಗಾರಪ್ಪನವರ ಕಾಲದಲ್ಲಿ ಕೊನೇಪಕ್ಷ ಆ ಜಗುಲಿಯ ಮಾತು ಕೇಳಲೇಬೇಕಿತ್ತು. ಅಷ್ಟರ ಮಟ್ಟಿಗೆ ಹಳೆಯದೇ ವಾಸಿ ಎಂಬುದು ನನ್ನ ಎಣಿಕೆ.

ಬಂಗಾರಪ್ಪ 2011ರ ಡಿಸೆಂಬರ್ 26ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿದ್ದದ್ದು ಜೆಡಿಎಸ್‌ನಲ್ಲಿ. ಅವರು ಕಟ್ಟಿದ ಪಕ್ಷಗಳಲ್ಲಿ ಒಂದೂ ಇಂದು ಇಲ್ಲ. ಸೊರಬದಲ್ಲಿ ಅವರ ಇಬ್ಬರು ಮಕ್ಕಳ ಪೈಕಿ 2013ರಲ್ಲಿ ಮಧು, 2018ರಲ್ಲಿ ಕುಮಾರ್, 2023ರಲ್ಲಿ ಮತ್ತೆ ಮಧು ಗೆದ್ದರು. ಮೂರು ಸಲವೂ ಬೇರೆ ಬೇರೆ ಪಕ್ಷ, ಮೂರು ಸಲವೂ ಅಣ್ಣ ತಮ್ಮಂದಿರೇ ಎದುರಾಳಿಗಳು.